ಓಣಿಗೆಲ್ಲ ಹಂಚಿದ ವೈಫೈ

ಸೊಸೆ ತಂದ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ನಮ್ಮ ವೈಫೈಯನ್ನು ನಾನು ಓಣಿಗೆಲ್ಲ ಹಂಚಿಬಿಟ್ಟಿದ್ದೆ, ಅದಕ್ಕೆ ಒಳಗೆ ಜಾಗ ಸಿಗಲಿಲ್ಲ. ಉಳಿದದ್ದೆಲ್ಲ ಗಂಡ ಹೆಂಡಿರ ಜಗಳ.

ಕಂಪ್ಯೂಟರ್ ಅಂದರೆ ಟಿವಿಯಂಥದ್ದು ಅಂದುಕೊಳ್ಳಬೇಡಿ. ಇಸ್ಪೀಟ್ ಎಲೆಯಷ್ಟಗಲದ ಹಸಿರು ಹಲಗೆ. ನಮ್ಮ ಕಾಲದಲ್ಲಿ ಅಂಥದ್ದು ಸಿಕ್ಕಿದ್ದರೆ ಕೆಟ್ಟ ರೇಡಿಯೋದ ಚೂರೆಂದು ತಿಪ್ಪೆಗೆ ಎಸೆಯುತ್ತಿದ್ದೆವು. ಸೊಸೆ ಗಿರಿಜಾ ಅದನ್ನು ಬೀಜದ ಭತ್ತದ ಕೋಣೆಯಲ್ಲಿಡಲು ತರಿಸಿದ್ದಳು. ಕೋಣೆಯಲ್ಲಿ ತೇವ ಏರಿದರೆ ಅದು ವೈಫೈ ಹಿಡಿದು ಅವಳ ಫೋನಿಗೆ ಹೇಳುತ್ತದಂತೆ. ಹೋದ ವರ್ಷ ಬೀಜಕ್ಕೆ ಬೂಸಲು ಬಂದಾಗ ನನ್ನ ಮೂಗು ಹೇಳಬೇಕಿತ್ತು, ಅದಕ್ಕೂ ವಯಸ್ಸಾಗಿದೆ.

ಹಲಗೆ ವೈಫೈ ಹಿಡಿಯಲಿಲ್ಲ. ಗಿರಿಜಾ ಬೆಳಗಿನಿಂದ ತಂತಿ ಕಿತ್ತಳು, ಚುಚ್ಚಿದಳು, ಪಾಸ್‌ವರ್ಡ್ ಒತ್ತಿ ಒತ್ತಿ ಬೆರಳು ಸವೆಸಿದಳು. ನನ್ನ ಮಗ ಬಸವಂತ ಅಕ್ಕಿಆಲೂರಿನ ಮಿಲ್ಲಿನಿಂದ ಬಂದವನೇ ಶುರು ಮಾಡಿದ.

“ಸಂಜೀಮಟಾ ನಡೀಲಿಲ್ಲಂದ್ರ ನಾಳಿ ವಾಪಸ್ ಕಳಸೂದ. ಭತ್ತ ಕಾಯಾಕ ಕಂಪ್ಯೂಟರ್ ಬೇಕೇನ?”

“ಹೋದ ವರ್ಷ ನೀವ ಕಾದಿದ್ರಿ. ಏನಾತು?” ಅಂದಳು ಗಿರಿಜಾ.

ಕೊನೆಗೆ ಅವಳು ವೈಫೈ ಡಬ್ಬಿಯನ್ನೇ ಬಂದ್ ಮಾಡಿದಳು. ಕೂಡಲೇ ನಮ್ಮ ಕಟ್ಟೆಯ ಮೇಲಿಂದ ಎದುರುಮನೆ ಗಂಗವ್ವನ ದನಿ ಬಂತು: “ಯಕ್ಕಾ, ನಿಮ್ಮ ನೆಟ್ ಹೋತ ನೋಡ್ರಿ. ಧಾರಾವಾಹಿ ನಡಬರಕ ನಿಂತೈತಿ.” ಅವಳ ಹಿಂದೆಯೇ ಟೇಲರ್ ಕೂಗಿದ, ಗಿರಣಿಯವನೂ ಕೂಗಿದ.

ಗಿರಿಜಾ ನನ್ನತ್ತ ತಿರುಗಿದಳು. “ಅತ್ತಿ, ಪಾಸ್‌ವರ್ಡ್ ಎಷ್ಟ ಮಂದಿಗೆ ಕೊಟ್ಟೀರಿ?”

“ಕೇಳಿದವರಿಗೆ ಕೊಟ್ಟೇನಿ. ಮಜ್ಜಿಗಿ ಕೇಳಿದ್ರ ಇಲ್ಲಂತೇನೇನ?”

ಮಜ್ಜಿಗೆ ಮಾರುವ ಮನೆಯಲ್ಲ ನಮ್ಮದು. ಯಾರು ತಂಬಿಗೆ ಹಿಡಿದು ಬಂದರೂ ಹಾಕುತ್ತೇವೆ. ಕಡಿಮೆ ಬಿದ್ದರೆ ನೀರು ಬೆರೆಸುತ್ತೇವೆ. ವೈಫೈಗೆ ನೀರು ಬೆರೆಸಲು ಬರುವುದಿಲ್ಲ, ಆ ಡಬ್ಬಿಯೊಳಗೆ ಇಷ್ಟೇ ಮಂದಿ ಹಿಡಿಸುತ್ತಾರೆ ಅಂತ ನನಗೆ ಯಾರು ಹೇಳಿದ್ದರು? ಪಾಸ್‌ವರ್ಡಾದರೂ ಗಟ್ಟಿಯಾಗಿತ್ತೇ? ಒಂದರಿಂದ ಎಂಟರವರೆಗೆ ಸಾಲಾಗಿ. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ನನಗೂ ಬಾಯಿಪಾಠ.

ಗಿರಿಜಾ ಪಾಸ್‌ವರ್ಡ್ ಬದಲಿಸಿ ಹಲಗೆಗೆ ಹೇಳಿಕೊಟ್ಟಳು. ಕೋಣೆಯ ತೇವ ಫೋನಿಗೆ ಬಂತು. ಮಗ ನೋಡಿ, “ಇರ್ಲಿ ಬಿಡು,” ಅಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನಾನು ಹೊಸ ಪಾಸ್‌ವರ್ಡ್ ಏನೆಂದು ಕೇಳಿದೆ.

“ನಿಮಗ ಹೇಳಿದ್ರ ಓಣಿಗೆ ಹೇಳಿದಂಗ, ಅತ್ತಿ.”

ಮಾತು ಖರೆ. ಅದಕ್ಕೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಮುಖ ತೊಳೆದವಳೇ ನನ್ನ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಗವ್ವನ ಮನೆಗೆ ಹೋದೆ. ಅವಳ ಮನೆಯಲ್ಲೂ ವೈಫೈ ಇದೆ. ನಮ್ಮದಿರುವಾಗ ತನ್ನದೇಕೆ ಸವೆಸಬೇಕೆಂದು ಉಳಿಸಿಟ್ಟಿದ್ದಳು. ಪಾಸ್‌ವರ್ಡ್ ಕೇಳಿದೆ. “ಸೊಸೀನ ಕೇಳಬೇಕ ಯಕ್ಕಾ, ಇನ್ನೂ ಎದ್ದಿಲ್ಲ,” ಅಂದಳು. ಅವಳ ಕಟ್ಟೆಯ ಮೇಲೆ ಕುಳಿತು ಕಾದೆ.