ಮದರಂಗಿ ಚಪ್ಪರದ ಕರೆಂಟು

ಪ್ರಾಪ್ತಿಗೆ ಸಿಕ್ಕಿದ ಕೆಲಸ ಏನೆಂದು ನರಿಕೊಂಬಿನಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಡಿಗ್ರಿ ಮುಗಿಸಿದ ಕೂಡಲೇ ವಿದ್ಯುತ್ ನಿಯಂತ್ರಣ ಆಯೋಗದಲ್ಲಿ ತರಬೇತಿನಿರತ ಅಧಿಕಾರಿ. ಕರೆಂಟಿನ ದರ ಎಷ್ಟಿರಬೇಕು, ಕೊಡುವವರೂ ಪಡೆಯುವವರೂ ನಿಯಮ ಪಾಲಿಸುತ್ತಾರೋ ಇಲ್ಲವೋ ಎಂದು ನೋಡುವ ಜಾಗ. ಇಷ್ಟುದ್ದ ಹೇಳಲು ನಾಚಿಕೆಯಾಗಿ ಅವಳು ಕೇಳಿದವರಿಗೆಲ್ಲ "ಕರೆಂಟಿನದ್ದು" ಎಂದುಬಿಟ್ಟಿದ್ದಳು. ಸೋಮವಾರ ಹೋಗಿ ಸೇರಬೇಕು. ಅಲ್ಲಿಯವರೆಗೆ ಯಾರ ಬಾಯಿಗೂ ಬೀಳದೆ ಮಾನದಿಂದ ಊರು ಬಿಟ್ಟರೆ ಸಾಕಿತ್ತು.

ಶನಿವಾರ ಪಕ್ಕದ ಮನೆಯ ನೀಲಾವತಿ ಮಾಮಿಯ ಮಗಳ ಮದರಂಗಿ. ಅಂಗಳ ತುಂಬ ಚಪ್ಪರ, ಚಪ್ಪರ ತುಂಬ ಬಣ್ಣದ ದೀಪ, ಮೂಲೆಯಲ್ಲಿ ಎಮ್ಮೆಗಳಂತೆ ನಿಂತ ಸ್ಪೀಕರುಗಳು. ಮದುಮಗಳ ಎಡಗೈ ಮುಗಿದು ಬಲಗೈಗೆ ಮದರಂಗಿ ಹಚ್ಚಲು ತೊಡಗಿದಾಗ ಎಲ್ಲ ಒಮ್ಮೆಲೇ ಆರಿತು. ಊರಿಡೀ ಕತ್ತಲೆ.

"ನಮ್ಮ ಕರೆಂಟಿನ ಹುಡುಗಿ ಎಲ್ಲಿ?" ಮಾಮಿ ಕತ್ತಲೆಯಲ್ಲೇ ತಡಕಾಡಿ ಪ್ರಾಪ್ತಿಯ ಭುಜ ಹಿಡಿದರು.

"ಮಾಮಿ, ನನ್ನದು ಆ ಕೆಲಸ ಅಲ್ಲ. ನಮ್ಮದು ಬರೀ ದರ, ನಿಯಮ..."

"ನಿಯಮ ಗೊತ್ತಿದ್ದವಳಿಗೆ ಫ್ಯೂಸು ಗೊತ್ತಿಲ್ವಾ? ಡಾಕ್ಟ್ರು ನನಗೆ ಇಂಜೆಕ್ಷನ್ ಬರುದಿಲ್ಲ ಅಂದ ಹಾಗಾಯ್ತು."

"ಈಗಲೇ ಜಂಭ ನೋಡಿ," ಎಂದಿತು ಹಿಂದಿನ ಸಾಲಿನ ಒಂದು ಧ್ವನಿ.

ಯಾರೋ ಮೀಟರಿನ ಕೆಳಗೆ ಸ್ಟೂಲು ಇಟ್ಟರು, ಯಾರೋ ಮೊಬೈಲಿನ ಬೆಳಕು ಹಿಡಿದರು. ಪ್ರಾಪ್ತಿ ಹತ್ತಿದಳು. ಪೆಟ್ಟಿಗೆಯ ಬಾಗಿಲು ತೆಗೆದದ್ದೇ ತಡ, ಒಳಗಿದ್ದ ಹಲ್ಲಿ ನೇರ ಅವಳ ಕೈಮೇಲೆ ಬಿತ್ತು. ಅವಳು ನೇರ ಮದರಂಗಿಯ ತಟ್ಟೆಯ ಮೇಲೆ ಕೂತಳು. ಎದ್ದಾಗ ಚೂಡಿದಾರದ ಹಿಂಬದಿ ಸೆಗಣಿ ಸಾರಿಸಿದ ಅಂಗಳದಂತಿತ್ತು. ಬೆನ್ನನ್ನು ಚಪ್ಪರದ ಕಂಬಕ್ಕೆ ಅಂಟಿಸಿ ನಿಂತವಳು ಮತ್ತೆ ಅಲ್ಲಿಂದ ಅಲುಗಲಿಲ್ಲ.

"ಕರೆಂಟಾಫೀಸಿಗೆ ಫೋನ್ ಮಾಡು ಮಾರಾಯ್ತಿ," ಎಂದ ಮಾಮಿಯ ಅಳಿಯನಾಗಲಿರುವವನ ಅಣ್ಣ ಜಿತೇಶ್. ದುಬೈಯಿಂದ ಬಂದವನು, ಅವನಿಗೆ ಎಲ್ಲವೂ ಫೋನಿನಲ್ಲೇ ಆಗಬೇಕು.

"ಫೋನು ಎಲ್ಲ ಬೇಡ ಮಗಾ. ಅದು ತನ್ನಷ್ಟಕ್ಕೇ ಬರ್ತದೆ," ಎಂದರು ಪ್ರಾಪ್ತಿಯ ಅಪ್ಪ ರಮಾನಾಥರು. ಅಪ್ಪನಿಗೂ ತನ್ನ ಹಾಗೆಯೇ ಸಂಕೋಚ ಎಂದುಕೊಂಡಳು ಅವಳು.

ಜಿತೇಶ್ ಬಿಡಲಿಲ್ಲ. ಅವಳು ಮೆಲ್ಲಗೆ "ಹಲೋ, ನರಿಕೊಂಬಿನಲ್ಲಿ ಕರೆಂಟು..." ಎನ್ನುತ್ತಿದ್ದಂತೆ ಅವನು ಫೋನು ಕಿತ್ತುಕೊಂಡ. "ನೋಡಿ, ನಿಯಂತ್ರಣ ಆಯೋಗದ ಮೇಡಮ್ ಇಲ್ಲಿ ಕತ್ತಲೆಯಲ್ಲಿ ಕೂತಿದ್ದಾರೆ."

ಕರೆದರೆ ಬಾರದ ಜೀಪು ಅವತ್ತು ಮಂಡೆಗೆ ಬೆಂಕಿ ಬಿದ್ದಂತೆ ಓಡಿಬಂತು. ಇಂಜಿನಿಯರ್ ಧನರಾಜ್ ಇಳಿದು ಕಂಬಕ್ಕಂಟಿದ್ದ ಪ್ರಾಪ್ತಿಗೆ ಕೈ ಮುಗಿದರು. ಲೈನ್‌ಮ್ಯಾನ್ ಉನೈಸ್ ಟ್ರಾನ್ಸ್‌ಫಾರ್ಮರ್ ನೋಡಿ ಬಂದ.

"ಫ್ಯೂಸು ಸುಟ್ಟದ್ದು ಸರ್. ಎಲ್ಲಿಯೋ ಲೋಡು ಜಾಸ್ತಿ ಆಗಿದೆ."

ಎಲ್ಲಿ ಎಂದು ಹುಡುಕಲು ಕಷ್ಟವಾಗಲಿಲ್ಲ. ಸ್ಪೀಕರಿನ ಹಿಂದಿನಿಂದ ಹೊರಟ ಒಂದು ದಪ್ಪ ವಯರು ಪಾಗಾರದ ಗೋಡೆ ಹಾರಿ, ದಾಸವಾಳದ ಬೇಲಿ ನುಸುಳಿ, ಹೊಳೆಬದಿಯ ಪಂಪಿನ ಶೆಡ್ಡಿನೊಳಗೆ ಹೋಗಿತ್ತು. ತೋಟಕ್ಕೆ ನೀರೆತ್ತಲೆಂದು ಸರಕಾರ ಪುಕ್ಕಟೆ ಕೊಡುವ ಕರೆಂಟು ಅದು.

"ಯಾರದ್ದು ಆ ಪಂಪು?" ಧನರಾಜ್ ಕೇಳಿದರು.

ರಮಾನಾಥರು ನಕ್ಷತ್ರ ನೋಡತೊಡಗಿದರು.

"ನಮ್ಮದು," ಎಂದಳು ಪ್ರಾಪ್ತಿ. ಅವಳ ಕಿವಿ ಕಾದ ಕಾವಲಿಯಾಗಿತ್ತು. "ಯಾಕಪ್ಪ ಹೀಗೆ?"

ಉತ್ತರ ಮಾಮಿಯಿಂದ ಬಂತು. "ಅವರನ್ನು ಬೈಯಬೇಡ. ನಾನೇ ಎಳೆಸಿದ್ದು. ನಮ್ಮ ಹುಡುಗಿಯೇ ಆಯೋಗದಲ್ಲಿರುವಾಗ ಇನ್ನು ಯಾರ ಹೆದರಿಕೆ ಅಂತ."

ಧನರಾಜ್ ಕತ್ತು ತುರಿಸಿಕೊಂಡರು. "ಮದುವೆ ಮನೆ, ನಾನು ನೋಡದ ಹಾಗೆ ಹೋಗಬಹುದಿತ್ತು. ಆದ್ರೆ ಕರೆಸಿದ್ದೇ ನೀವು. ಎಂತ ಮಾಡುವ ಮೇಡಮ್?"

ಇನ್ನೂ ಸೇರದ ಕೆಲಸದ ಮೊದಲ ತೀರ್ಪು. ಅಪ್ಪನ ಮುಖ ನೋಡಿದರೆ ಬಾಯಿ ಬರಲಿಕ್ಕಿಲ್ಲ ಎಂದು ಅವಳು ನೆಲ ನೋಡಿದಳು.

"ನಿಯಮ ಇದ್ದ ಹಾಗೆ ಮಾಡಿ."

ಉನೈಸ್ ವಯರು ಕಿತ್ತ. ಪಂಪಿನ ಸಂಪರ್ಕವನ್ನೂ ಕಡಿದ. ಆಮೇಲೆ ಹೋಗಿ ಹೊಸ ಫ್ಯೂಸು ಹಾಕಿದ. ಒಂದೊಂದೇ ಮನೆ ಬೆಳಗುತ್ತ ಇಡೀ ನರಿಕೊಂಬು ಝಗ್ಗೆಂದಿತು. ಕತ್ತಲೆ ಉಳಿದದ್ದು ಮದರಂಗಿಯ ಚಪ್ಪರದಲ್ಲಿ ಮತ್ತು ಅಪ್ಪನ ಶೆಡ್ಡಿನಲ್ಲಿ.

ಇನ್ನು ಬೈಗುಳ ಎಂದು ಪ್ರಾಪ್ತಿ ಕಣ್ಣು ಮುಚ್ಚಿದಳು. ನಿಜ ಹೇಳಬೇಕೆಂದರೆ, ಬೈದರೆ ಸ್ವಲ್ಪ ಹಗುರವಾಗುತ್ತಿತ್ತು.

"ನೋಡಿದಿರಲ್ಲ," ಎಂದು ಮಾಮಿ ನೆಂಟರತ್ತ ತಿರುಗಿದರು. "ಒಂದೇ ಫೋನು. ಊರಿಗೆ ಊರೇ ಬೆಳಗಿತು. ಅಪ್ಪನ ಪಂಪನ್ನೇ ಕಡಿಸಬೇಕಾದರೆ ಇವಳ ಮಾತು ಎಷ್ಟು ನಡೀಬೇಕು."

ನೆಂಟರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಜಂಭದ ಧ್ವನಿ ಎದ್ದು ಬಂದು, ಕೊಕ್ಕಡದ ತನ್ನ ಮನೆಯೆದುರಿನ ವಾಲಿದ ಕಂಬದ ವಿಷಯ ಹೇಳಿಕೊಂಡಿತು. ಪ್ರಾಪ್ತಿ ಕಂಬ ಬಿಟ್ಟು ಓಡುವಂತಿರಲಿಲ್ಲ, ಹಿಂದೆ ಮದರಂಗಿ.

ಅಷ್ಟರಲ್ಲಿ ಮಾಮಿ ಅವಳ ಕಿವಿಗೆ ಬಾಯಿ ಇಟ್ಟರು. "ಮಗಾ, ಜೀಪು ಹೊರಡುವ ಮೊದಲು ಒಂದು ಮಾತು ಹೇಳು. ಆ ವಯರನ್ನು ಪುನಃ ಸಿಕ್ಕಿಸಲಿ. ಮದುವೆ ಮುಗಿಯುವವರೆಗೆ ಮಾತ್ರ. ನೀನು ಹೇಳಿದ್ರೆ ಇಲ್ಲ ಅನ್ನುದಿಲ್ಲ ಅಂತ ಈಗ ಎಲ್ಲರಿಗೂ ಗೊತ್ತಾಯ್ತಲ್ಲ."

ಕಂಬದ ಆ ಕಡೆಯಿಂದ ಅಪ್ಪ ಮೆಲ್ಲಗೆ ಕೆಮ್ಮಿದರು.

"ಹಾಗೆಯೇ ನಮ್ಮ ಪಂಪಿನದ್ದೂ."