ಗಾಜಿನ ಪೆಟ್ಟಿಗೆಯ ಸವತಿಯರು

ಸಂಸಾರ ಅಂದಮೇಲೆ ಇಂಥವೆಲ್ಲ ಆಗುತ್ತಲೇ ಇರುತ್ತವೆ, ಸಹಿಸಿಕೊಂಡು ಹೋಗಬೇಕು ಅಂತ ನನ್ನ ಅತ್ತೆ ಹೇಳುತ್ತಾರೆ. ಸರಿ. ಆದರೆ ಅವರ ಕಾಲದಲ್ಲಿ ಸವತಿಗೆ ಬಾಲ ಇರಲಿಲ್ಲ.

ಬಿಸಿ ಹಾಸಿಗೆ

ಒಂದು ಭಾನುವಾರ ನನ್ನ ಗಂಡ ಹೆಸರಘಟ್ಟದ ಕಡೆಯ ಗೆಳೆಯರೊಬ್ಬರ ಮನೆಯಿಂದ ಗಾಜಿನ ಪೆಟ್ಟಿಗೆ ತಂದರು. ಒಳಗೆ ಎರಡು ಗೆಕೊಗಳು, ಮೈತುಂಬ ಚಿರತೆಯ ಹಾಗೆ ಚುಕ್ಕೆ. "ಹಲ್ಲಿ ಅನ್ಬೇಡ ಕಣೇ, ಗೆಕೊ ಅನ್ನು" ಅಂದರು. ಅತ್ತೆ ಕನ್ನಡಕ ಏರಿಸಿ ನೋಡಿ, "ಸಂಜಯನಗರದಲ್ಲಿ ಹಲ್ಲಿಗೇನ್ ಬರ ಬಂದಿತ್ತೇನೋ?" ಅಂದರು.

ಚಳಿಗಾಲಕ್ಕೆ ಒಂದು ಹೀಟರ್ ತನ್ನಿ ಅಂತ ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. "ಸ್ವೆಟರ್ ಹಾಕ್ಕೋ" ಅನ್ನುವುದೇ ಉತ್ತರ. ಈ ಮಹಾರಾಣಿಯರಿಗೆ ಮಾತ್ರ ಬಂದ ದಿನವೇ ಪೆಟ್ಟಿಗೆಯಡಿ ಕರೆಂಟಿನ ಬಿಸಿ ಹಾಸಿಗೆ. ಇದ್ಯಾವ ನ್ಯಾಯ ರೀ ಅಂದರೆ, "ಪಾಪ, ಅವಕ್ಕೆ ಸ್ವೆಟರ್ ಹಾಕಕ್ಕಾಗಲ್ವಲ್ಲ" ಅಂದರು.

ಬಾಲದ ಭಾಷೆ

ಎರಡರಲ್ಲಿ ಹಳದಿಯದು ಸಾಧು. ಅಂಗೈ ಮೇಲೆ ಇಟ್ಟರೆ ಅಲ್ಲೇ ಕಣ್ಣು ಮುಚ್ಚುತ್ತದೆ. ಚುಕ್ಕೆ ಹೆಚ್ಚಿರುವುದು ಮಹಾ ಸಿಡುಕಿ. ಇವರ ಕೈ ಹತ್ತಿರ ಬಂದರೆ ಬಾಲ ಆಡಿಸಿ, ಬಾಯಿ ತೆರೆದು ಕಚ್ಚಲು ಬರುತ್ತದೆ. ಇವರು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಸ್ವಭಾವ ಕಲಿತರು. "ನೋಡು, ಬಾಲ ಮೆಲ್ಲಗೆ ಆಡಿಸ್ತಿದೆ. ಕೋಪ ಬಂದಿದೆ. ಈಗ ಮುಟ್ಬಾರ್ದು. ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಮಾತಾಡಿಸ್ಬೇಕು."

ನನಗೆ ಹೊಟ್ಟೆ ಉರಿದುಹೋಯಿತು. ಆವತ್ತು ಬೆಳಗ್ಗೆಯಿಂದ ನಾನು ಪಾತ್ರೆ ಕುಕ್ಕುತ್ತಲೇ ಇದ್ದೆ. "ಏನ್ ಬಿತ್ತು?" ಅಂತ ಒಮ್ಮೆ ಕೇಳಿದ್ದು ಬಿಟ್ಟರೆ ಇವರಿಗೆ ಏನೂ ಗೊತ್ತಾಗಿರಲಿಲ್ಲ. ನಮ್ಮಪ್ಪ ಓಲೆ, ಬಳೆ, ಸರ ಎಲ್ಲ ಹಾಕಿ ಕಳಿಸಿದ್ದರು. ಒಂದು ಬಾಲ ಹಾಕಿ ಕಳಿಸಿದ್ದರೆ ಸಾಕಿತ್ತು.

ಗೋಡೆಯ ಸಾಕ್ಷಿ

ಮಾತಾಡುವಾಗ ಗೋಡೆ ಮೇಲಿನ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ ಅಂತ ಅತ್ತೆಯ ನಂಬಿಕೆ. ತಕ್ಷಣ ಬೆರಳಿನಿಂದ ಮೇಜು ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಾರೆ. ಯಾವ ವಾದವಿದ್ದರೂ ಅಲ್ಲಿಗೆ ಮುಗಿಯಿತು.

ಒಂದು ದಿನ ಊಟಕ್ಕೆ ಕೂತಾಗ ನಾನು, "ನಿಮ್ ಮಗನಿಗೆ ನನಗಿಂತ ಆ ಗೆಕೊಗಳೇ ಹೆಚ್ಚು ಅತ್ತೆ" ಅಂದೆ. ಟ್ಯೂಬ್‌ಲೈಟ್ ಹಿಂದಿನಿಂದ ಲೊಚ್ ಲೊಚ್ ಲೊಚ್! ಅತ್ತೆ ಮೇಜು ಕುಟ್ಟಿದರು. ಇವರು ಅನ್ನ ಕಲೆಸುತ್ತಾ, "ಅದರ ಸಾಕ್ಷಿ ಲೆಕ್ಕಕ್ಕಿಲ್ಲಮ್ಮ. ಬಿಸಿ ಹಾಸಿಗೆ ಸಿಗ್ಲಿಲ್ಲ ಅಂತ ಅದಕ್ಕೂ ಹೊಟ್ಟೆಕಿಚ್ಚು" ಅಂದರು.

ಸಿಡುಕಿಯ ಸ್ನೇಹ

ಇವರು ಗೆಳೆಯನ ಮದುವೆಗೆ ದಾವಣಗೆರೆಗೆ ಹೋದಾಗ ಹುಳ ತಿನ್ನಿಸುವ ಕೆಲಸ ನನ್ನ ತಲೆಗೆ ಬಂತು. ಮುಚ್ಚಳ ತೆಗೆದದ್ದೇ ತಡ, ಸಿಡುಕಿ ನನ್ನ ಕೈ ಹತ್ತಿ, ಭುಜಕ್ಕೆ ಬಂದು, ಅಲ್ಲೇ ಕಣ್ಣು ಮುಚ್ಚಿತು. ನಾನು ಕಿರುಚುವುದನ್ನೂ ಮರೆತೆ. ಅತ್ತೆ ವಿಡಿಯೊ ಕಾಲ್ ಮಾಡಿ ತೋರಿಸಿದರು.

ಇವರ ಮುಖ ಹುಳ್ಳಗಾಯಿತು. "ಇಷ್ಟು ದಿನದಲ್ಲಿ ನನ್ನ ಕೈಗೆ ಒಂದ್ಸಲನೂ ಬಂದಿಲ್ಲ! ನಿನ್ ಹತ್ರ ಹೇಗೆ ಬಂತು?"

"ಇಬ್ಬರದೂ ಒಂದೇ ಸ್ವಭಾವ ಕಣೋ" ಅಂದರು ಅತ್ತೆ. ಗೋಡೆಯಿಂದ ಲೊಚ್ ಲೊಚ್. ಅತ್ತೆ ಮೇಜು ಕುಟ್ಟಿದರು.

ನನಗೆ ಕೋಪ ಬರಬೇಕಿತ್ತು, ಬಂದದ್ದು ಖುಷಿ. ಇಷ್ಟು ದಿನ ನನ್ನ ಹತ್ತಿರವಿದ್ದ ಹೊಟ್ಟೆಕಿಚ್ಚು ದಾವಣಗೆರೆಗೆ ವರ್ಗವಾಗಿತ್ತು. ಮರುದಿನ ಇವರು ಮದುವೆ ಊಟವನ್ನೂ ಬಿಟ್ಟು, ಯಶವಂತಪುರದಲ್ಲಿ ರೈಲು ಇಳಿದು, ಆಟೊ ಹಿಡಿದು ಮನೆಗೆ ಓಡಿ ಬಂದರು.

"ಇಷ್ಟು ಅವಸರ ಯಾರಿಗೋಸ್ಕರ ರೀ?" ಅಂದೆ.

ಪೆಟ್ಟಿಗೆಯ ಕಡೆ ಹೊರಟಿದ್ದವರು ನಿಂತರು. "ನಿನ್ನ ನೋಡೋಕೇ ಕಣೇ" ಅಂದರು.

ಮೂವರೂ ಕತ್ತೆತ್ತಿ ಟ್ಯೂಬ್‌ಲೈಟ್ ಕಡೆ ನೋಡುತ್ತಾ ಕಾದೆವು. ಅತ್ತೆ ಬೆರಳು ಮಡಚಿ ಮೇಜಿನ ಮೇಲೆ ಸಿದ್ಧವಾಗಿ ಇಟ್ಟುಕೊಂಡಿದ್ದರು. ಹಲ್ಲಿ ಅಲ್ಲೇ ಇತ್ತು, ಇವರನ್ನೇ ನೋಡುತ್ತಿತ್ತು. ತುಟಿ ಪಿಟಕ್ಕೆನ್ನಲಿಲ್ಲ.