ಇಪ್ಪತ್ನಾಲ್ಕು ಪೌಂಡು

ಅಳತೆ ಸರಿಯಾಗಿರಲೇಬೇಕು ಎಂದು ಪಟ್ಟು ಹಿಡಿದವನನ್ನು ನಗೆಪಾಟಲಿನ ಪ್ರಸಂಗಗಳು ಮನೆ ವಿಳಾಸ ಕೇಳಿ ಹುಡುಕಿಕೊಂಡು ಬರುತ್ತವೆ. ಕಾಲುವೆ ಕೆಲಸದ ಇಂಜಿನಿಯರನಾಗಿ ಜಮಖಂಡಿಯಲ್ಲಿದ್ದ ವರ್ಷಗಳಲ್ಲಿ ನನಗೆ ಅವು ಎದುರಾದದ್ದು ಬ್ಯಾಡ್ಮಿಂಟನ್ ಅಂಗಳದಲ್ಲಿ. ನಮ್ಮ ಸಂಘ ವರ್ಷಕ್ಕೊಮ್ಮೆ ಮುಧೋಳದವರ ಜೊತೆ ಆಡುತ್ತಿತ್ತು, ಆಡಿ ಸೋಲುತ್ತಿತ್ತು. ಉಳಿದವರಿಗೆ ಅದು ಒಂದು ಸಂಜೆಯ ಸೋಲು. ನನಗೆ ಹಾಗಲ್ಲ. ಮುಧೋಳ ನನ್ನ ಹೆಂಡತಿಯ ತವರು. ಅವರ ತಂಡದ ನಾಯಕರು ಅವಳ ಅಣ್ಣ. ಮದುವೆ, ಮುಂಜಿವೆ, ಎಲ್ಲಿ ಸಿಕ್ಕರೂ ಊಟದ ಪಂಕ್ತಿಯಲ್ಲಿ ಕುಳಿತು ಅವರು ಸ್ಕೋರು ಹೇಳುತ್ತಿದ್ದರು.

ಮೂರನೆಯ ಸೋಲಿನ ನಂತರ ನಾನು ಕಾರಣ ಕಂಡುಹಿಡಿದೆ. ತಪ್ಪು ಆಟದ್ದಲ್ಲ, ಗಟ್ಟಿಂಗಿನದು. ರ‍್ಯಾಕೆಟ್ಟಿಗೆ ದಾರ ಬಿಗಿಯುವ ಕೆಲಸಕ್ಕೆ ನಮ್ಮಲ್ಲಿ ಗಟ್ಟಿಂಗ್ ಎನ್ನುತ್ತಾರೆ. ಅಂಗಡಿಯವನು ಅದನ್ನು ಕೈಯಿಂದಲೇ ಎಳೆದು ಬಿಗಿಯುತ್ತಿದ್ದ. ಎಷ್ಟು ಪೌಂಡು ಎಂದು ಕೇಳಿದರೆ, "ಬಿಗಿ ಐತ್ರಿ" ಎನ್ನುತ್ತಿದ್ದ. ಇದು ಉತ್ತರವಲ್ಲ. ಪುಸ್ತಕದಲ್ಲಿ ಸ್ಪಷ್ಟವಾಗಿ ಇಪ್ಪತ್ನಾಲ್ಕು ಪೌಂಡು ಎಂದಿತ್ತು.

ಬೆಲ್ಲದ ಕಾಟಾ

ಸಂಘದ ಸದಸ್ಯರಲ್ಲೊಬ್ಬರು ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ. ಅವರ ಅಂಗಡಿಯಲ್ಲಿ ತೂಗುಹಾಕುವ ಸ್ಪ್ರಿಂಗ್ ಕಾಟಾ ಇತ್ತು. ದಾರದ ತುದಿಯನ್ನು ಅದರ ಕೊಂಡಿಗೆ ಕಟ್ಟಿ, ಮುಳ್ಳು ನೋಡುತ್ತ ಎಳೆದರೆ ಅಳತೆ ಸಿಕ್ಕಂತೆಯೇ ಎಂದು ಯೋಚಿಸಿ ನನ್ನ ಹಳೆಯ ರ‍್ಯಾಕೆಟ್ ಹಿಡಿದು ಹೋದೆ. ಕೆಲಸ ಶುರುಮಾಡುವ ಹೊತ್ತಿಗೆ ತುಬಚಿಯ ಕಾಲುವೆ ಕೆಲಸದ ಜಾಗದಿಂದ ಕರೆ ಬಂತು. ಮಾಡಬೇಕಾದ ಕ್ರಮವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಕೊನೆಯ ಸಾಲು: ಪ್ರತಿ ಎಳೆಯನ್ನೂ 24 ಬರುವವರೆಗೆ ಎಳೆಯಬೇಕು.

ಬೆಲ್ಲದ ಕಾಟಾದಲ್ಲಿ ಇರುವುದು ಕಿಲೋ. ವ್ಯಾಪಾರಿಗಳು ಒಬ್ಬಂಟಿಯಾಗಿ ಎಳೆದು ನೋಡಿ, ಆಗದೆ, ಇಬ್ಬರು ಹಮಾಲರನ್ನು ಕರೆಸಿದ್ದರು. ಸಂಜೆ ನಾನು ಬಂದಾಗ ರ‍್ಯಾಕೆಟ್ ಎರಡಾಗಿ ಮಡಚಿಕೊಂಡು ಬೆಲ್ಲದ ಪೆಂಟೆಯ ಮೇಲೆ ಮಲಗಿತ್ತು.

"ಆರು ಎಳಿ ತನಕ ತೂಕ ಬರೋಬ್ಬರಿ ಇತ್ತರಿ ಸಾಹೇಬ್ರ," ಎಂದರು ಅವರು. "ಏಳನೇದಕ್ಕ ರ‍್ಯಾಕೆಟ್ಟ ಒಲ್ಲೆ ಅಂತು."

ಬೈಯಬೇಕೆಂದು ಚೀಟಿ ತೆಗೆದು ನೋಡಿದೆ. ಅಂಕಿಯ ಮುಂದೆ ಪೌಂಡು ಎಂದು ಬರೆಯದವನು ನಾನೇ. ಅದೇ ತಪ್ಪಿಗೆ ಹಿಂದಿನ ವಾರ ಒಬ್ಬ ಗುತ್ತಿಗೆದಾರನ ಕಾಗದವನ್ನು ನಾನು ತಿರುಗಿ ಕಳಿಸಿದ್ದೆ.

ಡಾಕ್ಟರರ ಮೂವತ್ತು

ಆಮೇಲೆ ಬೆಳಗಾವಿಯಿಂದ ಒಂದು ಕೈಯಂತ್ರ ತರಿಸಿದೆ. ಹಿಡಿಕೆ ತಿರುಗಿಸಿದರೆ ಬೇಕಾದ ಪೌಂಡಿಗೆ ಸರಿಯಾಗಿ ನಿಲ್ಲುತ್ತದೆ. ಪ್ರತಿ ರ‍್ಯಾಕೆಟ್ಟಿನ ದಂಡಕ್ಕೆ ಅಂಕಿ ಬರೆದ ಚೀಟಿ ಅಂಟಿಸುವ ಪದ್ಧತಿಯನ್ನೂ ಆರಂಭಿಸಿದೆ.

ಜೋಡಿ ಆಟದಲ್ಲಿ ನನ್ನ ಜೊತೆಗಾರರು ಊರಿನ ಒಬ್ಬ ಡಾಕ್ಟರು. ಟಿವಿಯಲ್ಲಿ ಆಡುವವರು ಮೂವತ್ತು ಹಾಕಿಸುತ್ತಾರೆಂದು ಎಲ್ಲಿಯೋ ಓದಿ, ತಮಗೂ ಮೂವತ್ತೇ ಬೇಕೆಂದರು. ಬಿಗಿ ಹೆಚ್ಚಿದಷ್ಟೂ ತೋಳಿನ ಶಕ್ತಿ ಹೆಚ್ಚು ಬೇಕಾಗುತ್ತದೆ ಎಂದು ವಿವರಿಸಿದೆ. ಕೇಳಲಿಲ್ಲ. ಹಾಕಿಕೊಟ್ಟೆ. ವಾರವಿಡೀ ಅವರು ಹೊಡೆದ ಶಟಲ್ ಕಾಕು ನೆಟ್ಟಿನ ಈಚೆಗೇ ಬಿತ್ತು. ಅವರು ಕಾಕನ್ನು ಬೈದರು, ನೆಟ್ಟನ್ನು ಅಳೆಸಿದರು, ಕೊನೆಗೆ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ನನ್ನ ಹತ್ತಿರ ಬಂದರು. ಇಪ್ಪತ್ತೆರಡಕ್ಕೆ ಇಳಿಸಬೇಕು, ಆದರೆ ಮೂವತ್ತರ ಚೀಟಿ ಹಾಗೇ ಇರಲಿ ಎಂದು ಅವರ ಕೋರಿಕೆ. ಸುಳ್ಳು ಚೀಟಿ ಅಂಟಿಸಲಾರೆ ಎಂದೆ.

"ಪೇಶಂಟಿಗೆ ಖರೇ ಬೀಪಿ ಹೇಳಿದ್ರ ಕೂತಲ್ಲೇ ಮತ್ತ ಹತ್ತು ಏರತದರಿ," ಎಂದರು ಡಾಕ್ಟರು. "ನಾ ಕಡಿಮಿ ಹೇಳತೀನಿ. ಆರಾಮ ಇರತಾರ. ನೀವೂ ಅಷ್ಟ ಮಾಡ್ರಿ."

ಇಪ್ಪತ್ತೆರಡಕ್ಕೆ ಇಳಿಸಿ, ಇಪ್ಪತ್ತೆರಡರ ಚೀಟಿಯನ್ನೇ ಅಂಟಿಸಿದೆ. ಅಂದಿನಿಂದ ನಾನು ಬೀಪಿ ತೋರಿಸಲು ಮುಧೋಳಕ್ಕೆ ಹೋಗುತ್ತೇನೆ.

ಹಾಸು, ಹೊಕ್ಕು

ಆ ವರ್ಷ ಬನಹಟ್ಟಿಯ ನೇಕಾರರೊಬ್ಬರು ಸಂಘ ಸೇರಿದರು. ಐವತ್ತರ ಮೇಲಿನ ವಯಸ್ಸು, ಮನೆಯಲ್ಲಿ ನಾಲ್ಕು ಮಗ್ಗ. ತಮ್ಮ ರ‍್ಯಾಕೆಟ್ಟಿಗೆ ತಾವೇ, ಒಂದು ದಬ್ಬಣ ಮತ್ತು ಹತ್ತು ಬೆರಳುಗಳಿಂದ ದಾರ ಹಾಕುತ್ತಿದ್ದರು. ಉದ್ದದ ಎಳೆಗೆ ಹಾಸು, ಅಡ್ಡದ ಎಳೆಗೆ ಹೊಕ್ಕು ಎನ್ನುತ್ತಿದ್ದರು. ಒಂದೊಂದು ಎಳೆ ಬಿಗಿದಾಗಲೂ ಬೆರಳಿನಿಂದ ಮೀಟಿ, ಕಿವಿಗೆ ಹಿಡಿದು ಕೇಳುತ್ತಿದ್ದರು. ಎಷ್ಟು ಪೌಂಡು ಎಂದು ಕೇಳಿದೆ.

"ಪೌಂಡ ಗೊತ್ತಿಲ್ರಿ ಸಾಹೇಬ್ರ. ಮಗ್ಗದಾಗ ಎಳಿ ಸಡ್ಲಾದ್ರ ಸೀರಿನ ಹೇಳತೈತಿ. ಇದೂ ಹೇಳತೈತಿ."

ಕೇಳಿ ಬಿಗಿಯುವುದು ನನ್ನ ಪ್ರಕಾರ ವಿಧಾನವಲ್ಲ. ಮುಧೋಳದ ಪಂದ್ಯ ಹತ್ತಿರ ಬಂದಿತ್ತು. ಸಂಘದ ಕಾರ್ಯದರ್ಶಿ ನಾನೇ ಆದ್ದರಿಂದ ಫಲಕದ ಮೇಲೆ ನಿಯಮ ಹಾಕಿದೆ: ಸಂಘದ ಯಂತ್ರದ ಹೊರತು ಬೇರೆಡೆ ಗಟ್ಟಿಂಗ್ ಮಾಡಿಸಿದ ರ‍್ಯಾಕೆಟ್ ತಂದವರು ಆ ದಿನ ಆಡುವಂತಿಲ್ಲ. ನೇಕಾರರು ಅದನ್ನು ಎರಡು ಸಲ ಓದಿ, ತಮ್ಮ ದಾರ ಬಿಚ್ಚಿ, ರ‍್ಯಾಕೆಟ್ಟನ್ನು ಯಂತ್ರಕ್ಕೆ ಕೊಟ್ಟರು. ಹೋಗುವಾಗ ನನ್ನ ರ‍್ಯಾಕೆಟ್ ಎತ್ತಿ ಒಮ್ಮೆ ಮೀಟಿದರು.

"ಇದು ಛಲೋ ಐತಿ ನೋಡ್ರಿ."

"ಯಂತ್ರದ್ದು. ಇಪ್ಪತ್ನಾಲ್ಕು. ಎರಡು ತಿಂಗಳಿಂದ ಕೂದಲೆಳೆಯಷ್ಟೂ ಸಡಿಲಾಗಿಲ್ಲ," ಎಂದೆ.

"ಹೌದೇನ್ರಿ," ಎಂದು ಅವರು ಮೀಸೆಯಲ್ಲೇ ನಕ್ಕು ಹೋದರು. ಸೋತವರ ನಗು ಎಂದುಕೊಂಡೆ.

ಮುಧೋಳದಲ್ಲಿ

ಪಂದ್ಯದ ದಿನ ಹೆಂಡತಿಯೂ ತವರಿಗೆಂದು ಜೊತೆಗೆ ಬಂದಳು. ಎರಡೂ ತಂಡದವರ ಎದುರು ನಾನು ನಮ್ಮ ಒಂದೊಂದೇ ರ‍್ಯಾಕೆಟ್ಟಿನ ಚೀಟಿ ಓದಿದೆ. ಕೊನೆಗೆ ನನ್ನದನ್ನು ಎತ್ತಿ ಹಿಡಿದು, ಯಂತ್ರದ ಕೆಲಸ ಎಂದರೆ ಹೇಗಿರುತ್ತದೆ ನೋಡಿ, ಚೀಟಿಯ ಮೇಲಿನ ಅಂಕಿ ಎಂದರೆ ಅಂಕಿ ಎಂದೆ. ಹೆಂಡತಿ ಎದ್ದು ಬಂದು ನನ್ನ ತೋಳು ಮುಟ್ಟಿದಳು.

"ಅದು ಯಂತ್ರದ್ದಲ್ಲರಿ," ಎಂದಳು ಮೆಲ್ಲಗೆ. "ನೀವು ಮತ್ತೊಮ್ಮೆ ತುಬಚಿಗೆ ಹೋದಾಗ ಅದರಿಂದ ಗಾದಿ ಝಾಡಿಸಿದ್ದೆ. ದಾರ ಹರೀತು. ನೀವು ತಾಸುಗಟ್ಟಲೆ ಹೇಳತೀರಂತ ಹೆದರಿ, ಸೀರಿ ತರಲಿಕ್ಕೆ ಬನಹಟ್ಟಿಗೆ ಹೋದಾಗ ಈ ನೇಕಾರರ ಕಡೆಯಿಂದ ಪೂರಾ ಹೊಸದಾಗಿ ಹಾಕಿಸಿದೆ. ಸುಮ್ಮನಿರಬೇಕಂತಿದ್ದೆ. ಆದರ ಸುಳ್ಳು ಚೀಟಿ ಸಹಿಸಬಾರದು ಅಂತ ನೀವ ಹೇಳತೀರಲ್ಲ."

ನೇಕಾರರು ಶಾಮಿಯಾನದ ಕಂಬ ನೋಡುತ್ತ ನಿಂತಿದ್ದರು. ಇಡೀ ಸಂಘದಲ್ಲಿ ಸುಳ್ಳು ಚೀಟಿ ಇದ್ದದ್ದು ಒಂದೇ ರ‍್ಯಾಕೆಟ್ಟಿಗೆ. ಹೆಂಡತಿಯ ಅಣ್ಣ ದೊಡ್ಡ ಮನಸ್ಸು ಮಾಡಿ, ಬೇರೆ ರ‍್ಯಾಕೆಟ್ ಹಿಡಿದು ಆಡಿ ಅಳಿಯಂದಿರೇ, ನಮ್ಮ ತಕರಾರಿಲ್ಲ ಎಂದರು. ನಿಯಮ ನಿಯಮವೇ ಎಂದು ನಾನು ಹೊರಗೆ ಕುಳಿತೆ. ನನ್ನ ಜಾಗದಲ್ಲಿ, ನನ್ನ ಯಂತ್ರ ಬಿಗಿದ ರ‍್ಯಾಕೆಟ್ ಹಿಡಿದು, ಡಾಕ್ಟರರ ಜೊತೆ ನೇಕಾರರು ಆಡಿದರು.

ನಮ್ಮ ಸಂಘ ಗೆದ್ದಿತು.

ನಾನು ಆಡದ್ದರಿಂದಲೇ ಗೆದ್ದೆವು ಎಂದು ಯಾರೂ ಹೇಳಲಿಲ್ಲ. ಎಲ್ಲವೂ ಬರವಣಿಗೆಯಲ್ಲಿರಬೇಕು ಎನ್ನುವವನು ನಾನಾದ್ದರಿಂದ ಮರುದಿನ ಒಂದು ಅರ್ಜಿ ಕೊಟ್ಟರು: ನಿಯಮ ಬಹಳ ಒಳ್ಳೆಯದಿದೆ, ಮುಂದಿನ ವರ್ಷವೂ ಮುಂದುವರಿಸಬೇಕು, ಕಾರ್ಯದರ್ಶಿಗಳ ರ‍್ಯಾಕೆಟ್ಟಿನ ಗಟ್ಟಿಂಗ್ ಮಾತ್ರ ಬನಹಟ್ಟಿಯಲ್ಲೇ ಆಗಬೇಕು. ಕೆಳಗಿನ ಸಹಿಗಳನ್ನು ಎಣಿಸಿದೆ. ನನ್ನನ್ನು ಬಿಟ್ಟರೆ ಸಂಘದಲ್ಲಿ ಹನ್ನೊಂದು ಮಂದಿ. ಸಹಿ ಹನ್ನೆರಡು ಇದ್ದವು. ಹನ್ನೆರಡನೆಯದು ನನ್ನ ಹೆಂಡತಿಯದು.